ಯೆಜ್ಡಿ ಎಂಜಿನ್ನಿಗೆ ಗಾಳಿ ಎಲ್ಲಿಂದ ನುಗ್ಗುತ್ತಿತ್ತು?

ಮೊದಲು ಈ ಸದ್ದು ಕೇಳಿ. ಆಕ್ಸಿಲರೇಟರ್ ಪೂರ್ತಿ ಬಿಟ್ಟಿದ್ದೇನೆ. ಆದರೂ ಎಂಜಿನ್ ತಾನೇ ತಾನಾಗಿ ಏರುತ್ತಿದೆ, ಅಲ್ವಾ? ಇದು ನಮ್ಮ ಮನೆಯ ಯೆಜ್ಡಿ 250. ಮೂರು ತಿಂಗಳಿಂದ ಇದೇ ಕಾಯಿಲೆ.

ಮೈಸೂರಿನವರಿಗೆ ಯೆಜ್ಡಿ ಪರಿಚಯ ಮಾಡಿಕೊಡಬೇಕಾಗಿಲ್ಲ. ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲಿ ಹುಟ್ಟಿದ ಬೈಕ್ ಇದು. ಮೊದಲು ಜಾವಾ ಅನ್ನುವ ಹೆಸರಿತ್ತು, 1973ರಿಂದ ಯೆಜ್ಡಿ ಆಯಿತು. 1996ರಲ್ಲಿ ಫ್ಯಾಕ್ಟರಿ ನಿಂತುಹೋಯಿತು. ಅಪ್ಪ ಅಲ್ಲಿ ಎಂಜಿನ್ ಜೋಡಿಸುತ್ತಿದ್ದವರು. ಈಗ ಕೈ ನಡುಗುತ್ತದೆ, ಸ್ಪಾನರ್ ಹಿಡಿಯುವುದಿಲ್ಲ. ಕಿವಿ ಮಾತ್ರ ಹಾಗೇ ಇದೆ.

ಮೊದಲು ಒಂದು ಗ್ಯಾರೇಜಿಗೆ ಕೊಟ್ಟಿದ್ದೆ. ಬೋರಿಂಗ್ (ಸಿಲಿಂಡರಿನ ಒಳಮೈ ಕೊರೆದು ನುಣುಪು ಮಾಡುವುದು) ಆಗಬೇಕು, ಹೊಸ ಪಿಸ್ಟನ್ ಬೇಕು ಅಂದರು. ಎರಡೂ ಮಾಡಿಸಿದೆ. ಬೈಕ್ ಮನೆಗೆ ಬಂದ ದಿನವೇ ಮತ್ತೆ ಇದೇ ಸದ್ದು. ಅಪ್ಪ ಒಳಗಿನಿಂದಲೇ ಕೂಗಿದರು: "ಪ್ಲಗ್ ಬಿಚ್ಚಿ ನೋಡಿದ್ಯೇನಮ್ಮ?"

ನೋಡಿರಲಿಲ್ಲ. ಬಿಚ್ಚಿದೆ. ಕಿಡಿ ಹಾರಿಸುವ ಆ ಪ್ಲಗ್ಗಿನ ತುದಿ ಸುಣ್ಣದ ಹಾಗೆ ಬೆಳ್ಳಗಿತ್ತು. ಪ್ಲಗ್ ಕಾಫಿ ಬಣ್ಣಕ್ಕಿದ್ದರೆ ಎಂಜಿನ್ ಚೆನ್ನಾಗಿದೆ ಎಂದರ್ಥ. ಕಪ್ಪಗೆ ಒದ್ದೆಯಾಗಿದ್ದರೆ ಪೆಟ್ರೋಲು ಜಾಸ್ತಿ. ಬೆಳ್ಳಗಿದ್ದರೆ ಗಾಳಿ ಜಾಸ್ತಿ. ಚೋಕ್ ಎಳೆದರೆ ಪೆಟ್ರೋಲಿನ ಪಾಲು ಹೆಚ್ಚುತ್ತದೆ; ಎಳೆದಾಗ ಸದ್ದು ಹದಕ್ಕೆ ಬರುತ್ತಿತ್ತು. ಅಲ್ಲಿಗೆ ಖಾತ್ರಿಯಾಯಿತು. ಎಲ್ಲಿಂದಲೋ ಗಾಳಿ ನುಗ್ಗುತ್ತಿದೆ.

ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲು ನೇರವಾಗಿ ಸಿಲಿಂಡರಿಗೆ ಹೋಗುವುದಿಲ್ಲ. ಮೊದಲು ಕೆಳಗೆ ಕ್ರ್ಯಾಂಕ್ ಕೇಸಿಗೆ, ಅಂದರೆ ಕ್ರ್ಯಾಂಕ್ ಶಾಫ್ಟ್ ತಿರುಗುವ ಮುಚ್ಚಿದ ಗೂಡಿಗೆ, ಬರುತ್ತದೆ. ಪಿಸ್ಟನ್ ಮೇಲೇರುವಾಗ ಎಳೆದುಕೊಳ್ಳುತ್ತದೆ, ಇಳಿಯುವಾಗ ಒತ್ತಿ ಮೇಲಕ್ಕೆ ಕಳಿಸುತ್ತದೆ. ಅಂದರೆ ಕ್ರ್ಯಾಂಕ್ ಕೇಸೇ ಒಂದು ಪಂಪು. ಅದು ಸೋರಬಾರದು ಅಂತ ಶಾಫ್ಟಿನ ಎರಡೂ ಬದಿಗೆ ರಬ್ಬರಿನ ಆಯಿಲ್ ಸೀಲ್ ಇರುತ್ತದೆ. ಎಡಗಡೆ, ಕ್ಲಚ್ ಬದಿಯದು ಹೋದರೆ ಗೇರ್ ಆಯಿಲ್ ಒಳಗೆ ಸೇರಿ ದಟ್ಟ ಬಿಳಿ ಹೊಗೆ ಬರುತ್ತದೆ. ಬಲಗಡೆ, ಕರೆಂಟ್ ಹುಟ್ಟಿಸುವ ಡೈನಮೋ ಬದಿಯದು ಹೋದರೆ ಬರೀ ಗಾಳಿ ಒಳಗೆ ಬರುತ್ತದೆ. ನಮ್ಮ ಬೈಕಿನಲ್ಲಿ ಹೊಗೆ ಇರಲಿಲ್ಲ. ಹಾಗಾಗಿ ಬಲಗಡೆ ಸೀಲಿನ ಮೇಲೇ ಅನುಮಾನ. ಹೀಗೆ ಗಾಳಿ ನುಗ್ಗುವುದು ನಿಜಕ್ಕೂ ಅಪಾಯ. ಈ ಬೈಕಿನಲ್ಲಿ ಎಣ್ಣೆ ಬರುವುದೇ ಪೆಟ್ರೋಲಿನ ಜೊತೆ. ನಾನು ಲೀಟರಿಗೆ 40 ಮಿಲಿ ಬೆರೆಸುತ್ತೇನೆ. ಕಳ್ಳಗಾಳಿಯಲ್ಲಿ ಪೆಟ್ರೋಲೂ ಇಲ್ಲ, ಎಣ್ಣೆಯೂ ಇಲ್ಲ. ಹೀಗೇ ಓಡಿಸಿದ್ದರೆ ಹೊಸ ಪಿಸ್ಟನ್ನೂ ಬಿಸಿಗೆ ಕಚ್ಚಿಕೊಂಡು ಸೀಜ್ ಆಗುತ್ತಿತ್ತು.

ಈಗ ಈ ಭಾಗ ಗಮನವಿಟ್ಟು ನೋಡಿ. ಡೈನಮೋ ಬಿಚ್ಚಿದ್ದೇನೆ. ಅದನ್ನು ಸುತ್ತಿಗೆಯಿಂದ ಹೊಡೆದು ತೆಗೆಯಲೇಬೇಡಿ, ಹೊರಕ್ಕೆ ಎಳೆಯಲು ಅದರದೇ ಪುಲ್ಲರ್ ಬೋಲ್ಟ್ ಹಾಕಿ. ಕಾರ್ಬುರೇಟರ್ ಜಾಗಕ್ಕೂ ಎರಡು ಸೈಲೆನ್ಸರ್ ಬಾಯಿಗೂ ಹಳೇ ಟ್ಯೂಬಿನ ರಬ್ಬರ್ ಕೊಟ್ಟು ಬಿಗಿದೆ. ಪಿಸ್ಟನ್ ಪೂರ್ತಿ ಕೆಳಗಿದೆ. ಪ್ಲಗ್ ತೂತಿನಿಂದ ಸೈಕಲ್ ಪಂಪಿನಲ್ಲಿ ಗಾಳಿ ಹಾಕುತ್ತಿದ್ದೇನೆ. 6 ಪಿಎಸ್‌ಐ ಒತ್ತಡ ಸಾಕು, ಜಾಸ್ತಿ ಬೇಡ. ಈಗ ಸೀಲಿನ ಸುತ್ತ ಸೋಪಿನ ನೀರು. ಅಗೋ, ಗುಳ್ಳೆ! ಆ ಗುಳ್ಳೆ ನೋಡಿದಾಗ ಆದ ಖುಷಿ ಹೇಳಲಾರೆ.

ಹಳೇ ಸೀಲ್ ಕೈಯಲ್ಲಿ ಮುರಿದೇ ಹೋಯಿತು, ಅಷ್ಟು ಗಟ್ಟಿಯಾಗಿತ್ತು. ಹೊಸದು ವೈಟಾನ್ ರಬ್ಬರಿನದು ತಂದೆ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೂ ಎಥನಾಲ್ ಇರುತ್ತದೆ, ಹಳೇ ಕಾಲದ ರಬ್ಬರಿಗೆ ಅದು ಆಗಿಬರುವುದಿಲ್ಲ. ಹಾಕುವ ಮೊದಲು ಶಾಫ್ಟಿನ ಮೇಲೆ ಉಗುರು ಆಡಿಸಿ. ಗೀರು ಸಿಕ್ಕರೆ ಹೊಸ ಸೀಲೂ ಸೋರುತ್ತದೆ. ನಮ್ಮದು ನುಣ್ಣಗಿತ್ತು. ಸೀಲಿನ ಸ್ಪ್ರಿಂಗ್ ಇರುವ ಮುಖ ಒಳಗಡೆಗೆ. ಅಂಚಿಗೆ ಸ್ವಲ್ಪ ಗ್ರೀಸ್. ಅದೇ ಅಳತೆಯ ಸಾಕೆಟ್ ಇಟ್ಟು ಎಲ್ಲಾ ಕಡೆ ಸಮನಾಗಿ ಒತ್ತಿ.

ಡೈನಮೋ ವಾಪಸ್ ಕೂತ ಮೇಲೆ ಪಾಯಿಂಟ್ (ತೆರೆದಾಗ ಪ್ಲಗ್ಗಿಗೆ ಕಿಡಿ ಕೊಡುವ ಸ್ವಿಚ್ಚು) ಗ್ಯಾಪ್ 0.4 ಮಿಮೀ ಇಟ್ಟೆ. ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ನೋಡುವ ವಿದ್ಯೆ ಅಪ್ಪನದು. ಪಾಯಿಂಟ್ ನಡುವೆ ತೆಳು ಕಾಗದದ ಚೂರು ಸಿಕ್ಕಿಸಿ, ಮೆಲ್ಲಗೆ ಎಳೆಯುತ್ತಾ ಎಂಜಿನ್ ತಿರುಗಿಸಬೇಕು. ಕಾಗದ ಜಾರಿದ ಆ ಕ್ಷಣವೇ ಪಾಯಿಂಟ್ ತೆರೆಯುವ ಕ್ಷಣ. ಕುರ್ಚಿ ಹತ್ತಿರ ಎಳೆದುಕೊಂಡು ಕಾಗದ ಅವರೇ ಹಿಡಿದರು. ನಡುಗುವ ಕೈಯಲ್ಲೂ ಅದು ಜಾರಿದ್ದು ಅವರಿಗೆ ನನಗಿಂತ ಮೊದಲೇ ಗೊತ್ತಾಯಿತು.

ಎರಡನೇ ಕಿಕ್ಕಿಗೆ ಸ್ಟಾರ್ಟ್. ಆಕ್ಸಿಲರೇಟರ್ ಬಿಟ್ಟೆ, ಸದ್ದು ಇಳಿಯಿತು. ಅಪ್ಪ ತಲೆಯಾಡಿಸಲಿಲ್ಲ. "ಬೆಟ್ಟ ಹತ್ತಿಸಿ ಬಾ, ಆಮೇಲೆ ಹೇಳ್ತೀನಿ" ಅಂದರು.

ಈಗ ಚಾಮುಂಡಿ ಬೆಟ್ಟದ ನಂದಿ ಹತ್ತಿರ ಇದ್ದೇನೆ. ಎಂಜಿನ್ ಬಿಸಿ ಇದೆ, ಬಟ್ಟೆ ಹಿಡಿದು ಪ್ಲಗ್ ಬಿಚ್ಚುತ್ತಿದ್ದೇನೆ. ನೋಡಿ, ಕಾಫಿ ಬಣ್ಣ. ಅಪ್ಪನಿಗೆ ಫೋಟೋ ಕಳಿಸಿದೆ. ಆಗಲೇ ಫೋನ್ ಬರುತ್ತಿದೆ. "ಎಡಗಡೆ ಸೀಲೂ ಅಷ್ಟೇ ಹಳೇದಮ್ಮ. ಭಾನುವಾರ ಅದನ್ನೂ ಬಿಚ್ಚೋಣ."