ಹದಿಹರೆಯದ ದುಃಖ, ಸಿನಿಮಾದ ಅವಸರ

ಎಲ್ಲರಿಗೂ ವಂದನೆ. ನಮ್ಮ ಪಾಸ್ಟರ್ ಅಯ್ಯನವರು ಇಪ್ಪತ್ತೇ ನಿಮಿಷ ಅಂದಿದ್ದಾರೆ. ಸಂಡೇ ಸ್ಕೂಲ್ ಟೀಚರ್ ಕೈಗೆ ಮೈಕ್ ಕೊಟ್ಟು ಇಪ್ಪತ್ತು ನಿಮಿಷ ಅಂತಾರಲ್ಲ, ಅವರ ವಿಶ್ವಾಸ ದೊಡ್ಡದು.

ಬೆಂಗಳೂರಿನ ನಮ್ಮ ಕ್ರೈಸ್ತ ಸಭೆಗಳಲ್ಲಿ ಯೂತ್ ಮೀಟಿಂಗ್‌ಗೆ ಸಿನಿಮಾ ಹಾಕುವುದು ಈಗ ಮಾಮೂಲು. ಬೇಡ ಅನ್ನೋಕೆ ನಾನು ಬಂದಿಲ್ಲ. ಆದರೆ ಹದಿಹರೆಯದ ಮಕ್ಕಳು ಸಾವು ನೋವು ಕಂಡು ದೇವರ ಮೇಲೆ ಮುನಿಸಿಕೊಳ್ಳುವ ಕಥೆಗಳಿವೆಯಲ್ಲ, ಅವುಗಳ ಮೇಲೆ ನನ್ನದೊಂದು ತಕರಾರು. ಮಗು ಸರಿಯಾಗಿ ಮುನಿಸಿಕೊಳ್ಳುವಷ್ಟರಲ್ಲೇ ಹಾಡು ಬಂದು ಕಣ್ಣೀರು ಒರೆಸಿಬಿಡುತ್ತದೆ. ಯಾಕಿಷ್ಟು ಅವಸರ?

2019ರ ‘ಬ್ರೇಕ್‌ಥ್ರೂ’ ಸಿನಿಮಾ ನಿಮ್ಮಲ್ಲಿ ಹೆಚ್ಚಿನವರು ನೋಡಿದ್ದೀರಿ. 2015ರ ಜನವರಿಯಲ್ಲಿ ಅಮೆರಿಕದ ಮಿಸೌರಿಯಲ್ಲಿ ನಡೆದ ಘಟನೆ ಅದು. 14 ವರ್ಷದ ಹುಡುಗ ಹೆಪ್ಪುಗಟ್ಟಿದ ಕೆರೆಯ ಐಸ್ ಒಡೆದು ನೀರಿಗೆ ಬೀಳುತ್ತಾನೆ. ಡಾಕ್ಟರು ಕೈಚೆಲ್ಲುವ ಹೊತ್ತಿಗೆ ತಾಯಿ ಬಂದು ಗಟ್ಟಿಯಾಗಿ ಪ್ರಾರ್ಥಿಸುತ್ತಾಳೆ, ನಾಡಿ ಬಡಿಯುತ್ತದೆ. ನಮ್ಮ ಹಾಲ್‌ನಲ್ಲಿ ಆಗ ಚಪ್ಪಾಳೆಯೋ ಚಪ್ಪಾಳೆ.

ಒಬ್ಬ ಹುಡುಗಿ ಮಾತ್ರ ಎದ್ದು ಹೊರಗೆ ಹೋದಳು. ಸೆಕೆಂಡ್ ಪಿಯುಸಿ. ಅಣ್ಣ ಬೈಕ್ ಆಕ್ಸಿಡೆಂಟಲ್ಲಿ ತೀರಿಕೊಂಡು ವರ್ಷ ತುಂಬಿರಲಿಲ್ಲ. ನಾನೂ ಹಿಂದೆಯೇ ಹೋದೆ. ನಲ್ಲಿ ಹತ್ತಿರ ನಿಂತು ಬಾಟಲಿಗೆ ನೀರು ಹಿಡಿಯುತ್ತಿದ್ದಳು. ಬಾಟಲಿ ತುಂಬಿ ಚೆಲ್ಲುತ್ತಿದ್ದರೂ ನಲ್ಲಿ ನಿಲ್ಲಿಸಿರಲಿಲ್ಲ. ‘ಆಂಟಿ, ನಮ್ಮಮ್ಮ ಪ್ರಾರ್ಥನೆ ಮಾಡಿದ್ದು ಕಮ್ಮಿ ಆಯ್ತಾ?’ ಅಂದಳು. ಆ ತಾಯಿ ಐಸಿಯು ಬಾಗಿಲಲ್ಲಿ ಉಪವಾಸ ಕೂತದ್ದನ್ನು ಇಡೀ ಸಭೆ ನೋಡಿದೆ. ಏನು ಹೇಳ್ತೀರಿ? ಅಷ್ಟರಲ್ಲಿ ಒಳಗಿಂದ ಒಬ್ಬ ಹುಡುಗ ಓಡಿ ಬಂದ. ‘ಆಂಟಿ, ಸಮೋಸ ಈಗ ಕೊಡೋದಾ, ಪ್ರಾರ್ಥನೆ ಆದ್ಮೇಲಾ?’ ಸಭೆಯ ಕೆಲಸ ಅಂದ್ರೆ ಹೀಗೇ ಅಲ್ವಾ! ಈಗಲೇ ಕೊಡು, ಇಲ್ಲಿಗೂ ಎರಡು ತಾ ಅಂದೆ. ಅವಳು ಸಮೋಸ ತಿಂದಳು. ಅಣ್ಣನನ್ನೂ ಬೈದಳು, ದೇವರನ್ನೂ ಬೈದಳು. ಹೆಲ್ಮೆಟ್ ಹಾಕಿಕೊಳ್ಳದ್ದಕ್ಕೆ ಅವನಿಗೆ, ಹಾಕಿಸದ್ದಕ್ಕೆ ಆತನಿಗೆ. ನಾನು ನಡುವೆ ಬಾಯಿ ಹಾಕಲಿಲ್ಲ.

ಉಳಿದ ಭಾಗವನ್ನು ಮನೇಲಿ ಫೋನಲ್ಲಿ ನೋಡಿದಳಂತೆ. ಬದುಕಿ ಬಂದ ಹುಡುಗ ಶಾಲೆಗೆ ಹೋದಾಗ, ಗಂಡನನ್ನು ಕಳೆದುಕೊಂಡ ಟೀಚರ್ ಒಬ್ಬರು ಕೇಳುತ್ತಾರೆ: ನೀನು ಉಳಿದೆ, ಅವರು ಯಾಕೆ ಉಳಿಯಲಿಲ್ಲ? ಸಣ್ಣ ದೃಶ್ಯ. ಹುಡುಗನ ಬಳಿ ಉತ್ತರವಿಲ್ಲ. ಕಥೆ ಮುಂದೆ ಓಡುತ್ತದೆ. ‘ನಂಗೆ ಆ ಟೀಚರ್ ಕಥೆ ಬೇಕು ಆಂಟಿ’ ಅಂದಳು. ನನಗೂ ಅದೇ ಬೇಕು. ಯಾರಾದರೂ ತೆಗೆಯಿರಪ್ಪ, ಕನ್ನಡದಲ್ಲೇ ತೆಗೆಯಿರಿ. ಕಥೆ ಲಿಂಗರಾಜಪುರದಲ್ಲೇ ನಡೆಯಲಿ, ಹೆಪ್ಪುಗಟ್ಟಿದ ಕೆರೆ ಬೇಡ.

2011ರ ‘ಸೋಲ್ ಸರ್ಫರ್’ ನನಗೆ ಜಾಸ್ತಿ ಇಷ್ಟ. ಹಲಗೆ ಮೇಲೆ ನಿಂತು ಅಲೆ ಸವಾರಿ, ಅಂದರೆ ಸರ್ಫಿಂಗ್, ಮಾಡುವ ಹವಾಯಿಯ ಬೆಥನಿ ಹ್ಯಾಮಿಲ್ಟನ್‌ಗೆ ಆಗ 13 ವರ್ಷ. 2003ರ ಅಕ್ಟೋಬರ್ 31ರಂದು ಶಾರ್ಕ್ ಅವಳ ಎಡಗೈ ಕಚ್ಚಿಕೊಂಡು ಹೋಯಿತು. ಇದು ಹೇಗೆ ದೇವರ ಯೋಜನೆ ಆಗುತ್ತದೆ ಅಂತ ಯೂತ್ ಲೀಡರನ್ನು ಕೇಳುತ್ತಾಳೆ. ಆ ಲೀಡರ್ ನನಗೆ ಗೊತ್ತಿಲ್ಲ ಅನ್ನುತ್ತಾಳೆ. ಇಲ್ಲಿರುವ ಯೂತ್ ಲೀಡರ್‌ಗಳೇ, ಕನ್ನಡಿ ಮುಂದೆ ನಿಂತು ಇದೊಂದು ಮಾತು ಪ್ರಾಕ್ಟೀಸ್ ಮಾಡಿ. ಕೊನೆಯ ಸರ್ಫಿಂಗ್ ಸ್ಪರ್ಧೆಯಲ್ಲಿ ಅವಳಿಗೆ ಮೊದಲ ಬಹುಮಾನವೂ ಬರುವುದಿಲ್ಲ, ಅದೂ ಒಳ್ಳೆಯದೇ. ಆದರೆ ಇಲ್ಲೂ ಅವಸರ ತಪ್ಪಿಲ್ಲ. ಸುನಾಮಿ ಬಂದದ್ದು 2004ರ ಡಿಸೆಂಬರ್‌ನಲ್ಲಿ, ಕೈ ಹೋಗಿ ವರ್ಷದ ಮೇಲೆ. ಸಿನಿಮಾದಲ್ಲಿ ಅಷ್ಟು ದಿನ ಕಳೆದ ಹಾಗೇ ಕಾಣುವುದಿಲ್ಲ. ಸುನಾಮಿಗೆ ಸಿಕ್ಕವರಿಗೆ ನೆರವಾಗಲು ಥಾಯ್ಲೆಂಡಿಗೆ ಹೋಗಿ ಬಂದಳು, ಮನಸ್ಸು ತಿಳಿಯಾಯಿತು.

ಬೈಬಲ್‌ಗೆ ಈ ಅವಸರ ಇಲ್ಲ. ಮಕ್ಕಳು, ಆಸ್ತಿ ಎಲ್ಲಾ ಕಳೆದುಕೊಂಡ ಯೋಬನ ಪುಸ್ತಕ 42 ಅಧ್ಯಾಯ. ಕಳೆದುಕೊಂಡದ್ದು ತಿರುಗಿ ಸಿಗುವುದು ಕೊನೇ ಅಧ್ಯಾಯದಲ್ಲಿ. ಮಧ್ಯದಲ್ಲಿ ಎಲ್ಲಾ ಜಗಳವೇ. ಗೆಳೆಯರು ಏಳು ದಿನ ಸುಮ್ನೆ ಕೂತಿದ್ದರು, ಬಾಯಿ ಬಿಟ್ಟ ಮೇಲೆಯೇ ಕೆಟ್ಟದ್ದು. 88ನೇ ಕೀರ್ತನೆ ಮುಗಿಯುವುದೇ ಕತ್ತಲಲ್ಲಿ, ನಾವು ಆರಾಧನೆಯಲ್ಲಿ ಅದನ್ನು ಓದುವುದೇ ಅಪರೂಪ. ತೀರಿಕೊಂಡ ಲಾಜರನ ಸಹೋದರಿಯರು ಇಬ್ಬರೂ ನೀನು ಇಲ್ಲಿದ್ದಿದ್ದರೆ ಅವನು ಸಾಯುತ್ತಿರಲಿಲ್ಲ ಅಂತ ಯೇಸುವಿಗೆ ಮುಖಕ್ಕೇ ಹೇಳಿದರು. ಆತ ಗದರಲಿಲ್ಲ, ಅತ್ತ. ಸತ್ತವನನ್ನು ಎಬ್ಬಿಸಿದ್ದು ಆಮೇಲೆ. ನಮ್ಮ ಸಿನಿಮಾದವರು ಎಬ್ಬಿಸುವುದಕ್ಕೇ ಓಡುತ್ತಾರೆ. ನಮ್ಮ ಸಾವಿನ ಮನೆಯ ಪ್ರಾರ್ಥನೆಗಳೂ ಅಷ್ಟೇ ಬಿಡಿ. ಮಣ್ಣಿಗೆ ಹಾಕಿ ಬಂದ ದಿನವೇ ಮಗುವಿಗೆ ‘ಅಳಬೇಡ, ಕರ್ತನ ಚಿತ್ತ’. ಯಾಕಿಷ್ಟು ಅವಸರ?

ಸಮಯ ಆಯ್ತು ಅಂತ ಚೀಟಿ ಬಂತು. ಇನ್ನೂ ನಾಲ್ಕು ಸಿನಿಮಾ ಬರೆದುಕೊಂಡು ಬಂದಿದ್ದೆ, ಒಂದು ಹೇಳಿಬಿಡುತ್ತೇನೆ. ‘ಟು ಸೇವ್ ಎ ಲೈಫ್’. ಬಾಲ್ಯದ ಗೆಳೆಯ ಶಾಲೆಯಲ್ಲೇ ಆತ್ಮಹತ್ಯೆ ಮಾಡಿಕೊಳ್ಳುತ್ತಾನೆ, ಉಳಿದವನು ಅದನ್ನು ಹೊತ್ತು ಬದುಕಬೇಕು. ಮಕ್ಕಳಿಗೆ ಹಾಕುವ ಮೊದಲು ನೀವೊಮ್ಮೆ ನೋಡಿ. ಹಾಕುವ ದಿನ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬೋರ್ಡ್ ಮೇಲೆ ಬರೆದಿಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ. ಪ್ರಾರ್ಥನೆಯೂ ಇರಲಿ, ಫೋನೂ ಇರಲಿ.

ಕೊನೇದು, ಎರಡು ಗಂಟೆಯ ಸಿನಿಮಾಕ್ಕೆ ಹಾಲ್ ನಾಲ್ಕು ಗಂಟೆ ಬುಕ್ ಮಾಡಿ. ಮಧ್ಯದಲ್ಲಿ ನಿಲ್ಲಿಸಿ ಮಕ್ಕಳನ್ನು ಮಾತಾಡಿಸಿ. ಗೇಟ್ ಹಾಕೋದು ತಡ ಆಗುತ್ತೆ ಅಂತ ವಾಚ್‌ಮನ್‌ಗೂ ಮೊದಲೇ ಹೇಳಿಡಿ.