ಮಳೆಗಾಲಕ್ಕೊಂದು ಹಳದಿ ಕೌದಿ

ಈ ಚೀಲದ ತುಂಬ ಹೊಲಿದು ಮಿಕ್ಕಿದ ಬಟ್ಟೆ ಚೂರು. ಬಿಸಾಡೋಕೆ ಮನಸ್ಸಿಲ್ಲ, ಇಡೋಕೆ ಜಾಗವಿಲ್ಲ. ಹೊರಗೆ ಮೂರು ದಿನದಿಂದ ಬಿಡದೆ ಮಳೆ. ಸರಿ, ಬಿಸಿಲಿನ ಬಣ್ಣದ್ದೇ ಒಂದು ಕೌದಿ ಹೊಲಿಯೋಣ ಅಂತ ಕೂತೆ.

ಹಳದಿ, ಕಿತ್ತಳೆ, ಗಿಳಿಹಸಿರು, ಜೊತೆಗೆ ಒಂದಿಷ್ಟು ಕೆಂಪು. ಎಲ್ಲವೂ ಹತ್ತಿ ಬಟ್ಟೆ. ಕೆಂಪು ಚೂರುಗಳನ್ನು ಮೊದಲು ಒದ್ದೆ ಮಾಡಿ, ಬಿಳಿ ಬಟ್ಟೆಗೆ ಒತ್ತಿ ನೋಡಿದೆ. ಒಂದು ಬಣ್ಣ ಬಿಟ್ಟಿತು. ಅದು ವಾಪಸ್ ಚೀಲಕ್ಕೆ.

ಐದೈದು ಇಂಚಿನ ಚೌಕ ಕತ್ತರಿಸಿ ನೆಲದ ಮೇಲೆ ಹರಡಿದೆ. ಇಷ್ಟೆಲ್ಲ ಬಣ್ಣ ಇದ್ದರೂ ಯಾಕೋ ಕಳೆಯೇ ಇಲ್ಲ! ಫೋನಿನಲ್ಲಿ ಕಪ್ಪು-ಬಿಳುಪು ಫೋಟೊ ತೆಗೆದಾಗ ಕಾರಣ ಕಂಡಿತು. ಹೆಚ್ಚುಕಡಿಮೆ ಎಲ್ಲ ಚೌಕವೂ ಒಂದೇ ಬೂದು. ತಿಳಿ ಯಾವುದು, ಗಾಢ ಯಾವುದು ಅಂತಲೇ ಗೊತ್ತಾಗುತ್ತಿಲ್ಲ. ಹಳೇ ಪರದೆಯ ಕಡುನೀಲಿ, ಮಾಸಲು ಬಿಳಿ ತುಂಡುಗಳನ್ನು ಅರೆಮನಸ್ಸಿನಿಂದ ನಡುನಡುವೆ ಇಟ್ಟೆ. ಈಗ ನೋಡಿ, ಅದೇ ಹಳದಿ ಹೇಗೆ ಎದ್ದು ಕಾಣುತ್ತಿದೆ, ಅಲ್ವಾ? ನಾನು ಬೇಡ ಅಂದಿದ್ದ ಬಟ್ಟೆಯೇ ಕೌದಿಯನ್ನು ಉಳಿಸಿತು.

ಲೆಕ್ಕದಲ್ಲಿ ಮಾತ್ರ ಎಡವಿದೆ. ಅಡ್ಡಕ್ಕೆ 8, ಉದ್ದಕ್ಕೆ 10, ಒಟ್ಟು 80 ಚೌಕ. 40 ಇಂಚು ಅಗಲ, 50 ಇಂಚು ಉದ್ದ ಬರುತ್ತೆ ಅಂದುಕೊಂಡಿದ್ದೆ. ಪ್ರತಿ ಚೌಕದ ಸುತ್ತ ಕಾಲು ಕಾಲಿಂಚು ಹೊಲಿಗೆಗೆ ಹೋಗುತ್ತೆ ಅನ್ನೋದು ಮರೆತೇಹೋಗಿತ್ತು. ಬಂದದ್ದು 36, 45. ಹೊದ್ದರೆ ಪಾದ ಹೊರಗೆ! ಮತ್ತೆ ಆ ಪರದೆಯೇ ಗತಿ. ಮೂರೂವರೆ ಇಂಚಿನ ಪಟ್ಟಿ ಕತ್ತರಿಸಿ ಸುತ್ತಲೂ ಅಂಚು ಕೊಟ್ಟೆ. ಈಗ 42, 51.

ಒಂದು ಮಾತು, ಚೌಕವನ್ನು ನೂಲಿನ ನೇರಕ್ಕೇ ಕತ್ತರಿಸಿ. ಓರೆಯಾಗಿ ಕತ್ತರಿಸಿದರೆ ಅಂಚು ಎಳೆದುಕೊಳ್ಳುತ್ತೆ, ಮೂಲೆಗಳು ಕೂಡುವುದಿಲ್ಲ. ನನ್ನ ಮೂರನೇ ಸಾಲು ಸೊಟ್ಟ ಇರುವುದು ಅದಕ್ಕೇ. ಬಿಚ್ಚಲಿಲ್ಲ, ಇರಲಿ ಬಿಡಿ.

ಅಡಿಗೆ ಹಳೇ ಬೆಡ್‌ಶೀಟ್, ನಡುವೆ ತೆಳು ಹತ್ತಿಯ ಹಾಸು, ಮೇಲೆ ಈ ಚೌಕಗಳು. ಜಾರದಂತೆ ಸೇಫ್ಟಿ ಪಿನ್ ಹಾಕಿ, ನಡುವಿನಿಂದ ಹೊರಕ್ಕೆ ಹೊಲಿಯುತ್ತಾ ಬಂದೆ. ಅಂಚಿನಿಂದ ಶುರು ಮಾಡಿದರೆ ನಡುವೆ ಬಟ್ಟೆ ಉಬ್ಬಿ ಗಂಟಾಗುತ್ತೆ. ಮಷಿನ್ ಸದ್ದು ಬೇಡ ಅನ್ನಿಸಿ ಕೈಹೊಲಿಗೆಯನ್ನೇ ಹಾಕಿದೆ. ಎರಡು ವಾರ ಹಿಡಿಯಿತು. ಬೆರಳು ಚುಚ್ಚಿಕೊಂಡ ಲೆಕ್ಕ ಬೇರೆ.

ಒಗೆದ ಮೇಲೆ ಹತ್ತಿ ಕೊಂಚ ಕುಗ್ಗಿ, ಮೈಯೆಲ್ಲ ಸಣ್ಣ ಸಣ್ಣ ಸುಕ್ಕು ಬಿದ್ದಿದೆ. ನನಗಂತೂ ಈ ಸುಕ್ಕೇ ಜಾಸ್ತಿ ಇಷ್ಟ. ಈಗ ಫ್ಯಾನಿನ ಕೆಳಗೆ ಹರವಿದ್ದೇನೆ. ಒಣಗೋಕೆ ನಿಜವಾದ ಬಿಸಿಲೇ ಬರಬೇಕು.