ಒಡೆಯದೆ ಉಳಿದ ಕಾಗದ

ಎಲ್ಲರಿಗೂ ನಮಸ್ಕಾರ.

ಮಾತನ್ನು ನಮ್ಮ ಹಂಪಿಯಿಂದಲೇ ಶುರು ಮಾಡುತ್ತೇನೆ. 1443ರಲ್ಲಿ, ಇಂದಿನ ಆಫ್ಘಾನಿಸ್ತಾನದ ಹೆರಾತ್‌ನಿಂದ ಅಬ್ದುರ್ ರಜಾಕ್ ಎಂಬ ರಾಯಭಾರಿ ವಿಜಯನಗರಕ್ಕೆ ಬಂದ. ಆಗ ಎರಡನೇ ದೇವರಾಯನ ಆಳ್ವಿಕೆ. ಏಳು ಸುತ್ತಿನ ಕೋಟೆ ನೋಡಿ ರಾಯಭಾರಿ ದಂಗಾದ. ಅದನ್ನು ತನ್ನೂರಿನವರಿಗೆ ತಿಳಿಯುವ ಹಾಗೆ ಹೇಳುವುದು ಹೇಗೆ? ನಡುವಿನ ಕೋಟೆಯ ಜಾಗ ಹೆರಾತ್ ಪೇಟೆಯ ಹತ್ತರಷ್ಟಿದೆ ಎಂದು ಪಾರಸಿಯಲ್ಲಿ ಬರೆದ. ಕಡಲು ದಾಟಿ ಬಂದರೂ ಅವನ ಕೈಯಲ್ಲಿದ್ದ ಅಳತೆಗೋಲು ತನ್ನೂರ ಪೇಟೆಯೇ. ಊರು ಬಿಟ್ಟವರೆಲ್ಲ ಹೀಗೇ ಅಳೆಯುತ್ತಾರೆ, ಅಲ್ವಾ?

ಇವತ್ತು ಹೇಳಬೇಕೆಂದಿರುವುದು ಇನ್ನಿಬ್ಬರು ಪರ್ಷಿಯನ್ನರ ಕಥೆ. ಹೆಸರು ಉಸ್ಬೆಕ್ ಮತ್ತು ರಿಕಾ. ಇವರು ಕಾಗದದ ಮೇಲೆ ಹುಟ್ಟಿದವರು. ಫ್ರಾನ್ಸಿನ ಲೇಖಕ ಮಾಂಟೆಸ್ಕ್ಯೂ 1721ರಲ್ಲಿ, ತನ್ನ ಹೆಸರು ಹಾಕದೆ, ‘ಪರ್ಷಿಯನ್ ಪತ್ರಗಳು’ ಎಂಬ ಪುಸ್ತಕ ಹೊರತಂದ. ಪರ್ಷಿಯಾದ, ಅಂದರೆ ಇಂದಿನ ಇರಾನಿನ, ಇಸ್ಫಹಾನ್ ಬಿಟ್ಟು ಪ್ಯಾರಿಸ್‌ಗೆ ಬಂದ ಈ ಇಬ್ಬರು ಬರೆದ, ಅವರಿಗೆ ಬಂದ ಕಾಗದಗಳೇ ಆ ಪುಸ್ತಕ. ಮಾಂಟೆಸ್ಕ್ಯೂ ಪರ್ಷಿಯಾ ನೋಡಿದವನಲ್ಲ. ಶಾರ್ದಾನ್, ಟವರ್ನಿಯರ್ ಮುಂತಾದವರ ಪ್ರವಾಸಕಥನ ಓದಿದ್ದ. 1715ರಲ್ಲಿ ಪರ್ಷಿಯಾದ ರಾಯಭಾರಿಯೊಬ್ಬ ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿಯ ಆಸ್ಥಾನಕ್ಕೆ ಬಂದಾಗ ಊರಿಗೆ ಊರೇ ನೋಡಲು ನಿಂತಿತ್ತು.

ರಿಕಾ ಚಿಕ್ಕ ವಯಸ್ಸಿನವನು. ಅವನ ಕಣ್ಣಿಗೆ ಎಲ್ಲವೂ ಹೊಸದು. ಪ್ಯಾರಿಸ್‌ನಲ್ಲಿ ಯಾರೂ ನಡೆಯುವುದೇ ಇಲ್ಲ, ಎಲ್ಲರೂ ಓಡುತ್ತಾರೆ ಎನ್ನುತ್ತಾನೆ. ಹಿಂದಿನಿಂದ ಬಂದವನು ಗುದ್ದಿದರೆ ಅರ್ಧ ಸುತ್ತು ತಿರುಗುತ್ತಾನಂತೆ. ಎದುರಿಂದ ಬಂದವನು ಗುದ್ದಿದರೆ ಮತ್ತೆ ಇದ್ದಲ್ಲಿಗೇ ಬರುತ್ತಾನಂತೆ. ದೊರೆಯನ್ನು ದೊಡ್ಡ ಮಂತ್ರವಾದಿ ಎಂದು ಕರೆಯುತ್ತಾನೆ. ಯುದ್ಧಕ್ಕೆ ದುಡ್ಡಿಲ್ಲದಿದ್ದರೆ, ಕಾಗದದ ಚೂರೇ ದುಡ್ಡು ಎಂದು ಪ್ರಜೆಗಳನ್ನು ನಂಬಿಸಿಬಿಡುತ್ತಾನಲ್ಲ, ಅದಕ್ಕೆ! ಈ ಮಾತನ್ನು ಒಬ್ಬ ಫ್ರೆಂಚ್ ಪ್ರಜೆ ತನ್ನ ಬಾಯಲ್ಲಿ ಆಡುವಂತಿರಲಿಲ್ಲ. ಪರ್ಷಿಯನ್ನನ ಬಾಯಲ್ಲಿ ಆಡಿಸಬಹುದಿತ್ತು.

ನನಗೆ ತುಂಬ ಇಷ್ಟವಾದ ಕಾಗದ ಇನ್ನೊಂದು. ರಿಕಾ ಎಲ್ಲಿಗೆ ಹೋದರೂ ಜನ ಮುತ್ತಿಕೊಳ್ಳುತ್ತಾರೆ. ತೋಟಕ್ಕೆ ಹೋದರೆ ಸುತ್ತ ಗುಂಪು. ನಾಟಕಕ್ಕೆ ಹೋದರೆ ನೂರು ದುರ್ಬೀನು ಅವನ ಕಡೆಗೇ. ಅಂಗಡಿಗಳಲ್ಲೆಲ್ಲ ಅವನದೇ ಚಿತ್ರ. ಇದು ಜಾಸ್ತಿಯಾಯಿತು ಅನ್ನಿಸಿ ಅವನು ಪರ್ಷಿಯನ್ ಉಡುಪು ಬಿಚ್ಚಿಟ್ಟು ಯುರೋಪಿನ ಉಡುಪು ಹಾಕುತ್ತಾನೆ. ಅಷ್ಟೇ. ಮರುಗಳಿಗೆಯಿಂದ ಅವನನ್ನು ಯಾರೂ ನೋಡುವುದಿಲ್ಲ. ಒಮ್ಮೊಮ್ಮೆ ಒಂದು ಗಂಟೆ ಸುಮ್ನೆ ಕೂತಿರುತ್ತಾನೆ. ಇವರು ಪರ್ಷಿಯಾದವರು ಎಂದು ಯಾರಾದರೂ ಹೇಳಿದರೆ ಮಾತ್ರ ಗುಸುಗುಸು ಏಳುತ್ತದೆ: ಹೌದಾ! ಪರ್ಷಿಯನ್ ಆಗಿರಲು ಹೇಗೆ ಸಾಧ್ಯ? ನೋಡುವವರು ಅವನ ಬಟ್ಟೆ ನೋಡಿದ್ದರು, ಅವನನ್ನಲ್ಲ. ಪರದೇಶದಲ್ಲಿ ನಾಲ್ಕು ದಿನ ಇದ್ದು ಬಂದ ಯಾರನ್ನಾದರೂ ಕೇಳಿ, ಆ ಗುಸುಗುಸು ಅವರಿಗೂ ಗೊತ್ತಿರುತ್ತದೆ.

ಉಸ್ಬೆಕ್ ಬೇರೆ ಥರದವನು. ತಿಳಿದವನು, ಯೋಚಿಸುವವನು. ಆಸ್ಥಾನದಲ್ಲಿ ಸತ್ಯ ಹೇಳಿ ವೈರಿಗಳನ್ನು ಕಟ್ಟಿಕೊಂಡು ಊರು ಬಿಟ್ಟವನು. ಜನರನ್ನು ಹೆದರಿಸದೆ ಅವರ ಸ್ವಭಾವಕ್ಕೆ ಹೊಂದುವಂತೆ ಆಳುವುದೇ ಒಳ್ಳೆಯ ಆಡಳಿತ ಎಂದು ಪ್ಯಾರಿಸ್‌ನಿಂದ ಬರೆಯುತ್ತಾನೆ. ಎಷ್ಟು ಚೆನ್ನಾಗಿದೆ! ಆದರೆ ಅವನ ಮನೆಯಲ್ಲಿ, ಇಸ್ಫಹಾನ್‌ನ ಜನಾನಾದಲ್ಲಿ, ಹೆಂಡತಿಯರನ್ನು ಖೋಜಾ ಕಾವಲುಗಾರರು, ಅಂದರೆ ನಪುಂಸಕರನ್ನಾಗಿ ಮಾಡಿದ ಸೇವಕರು, ಬೀಗ ಹಾಕಿ ಕಾಯುತ್ತಿದ್ದಾರೆ. ರೊಕ್ಸಾನ್ ಎಂಬ ಹೆಂಡತಿಗೆ ಅವನು ಬರೆಯುವುದು ಏನು ಗೊತ್ತೇ? ಪರ್ಷಿಯಾದಲ್ಲಿ ಇರಲು ನೀನು ಪುಣ್ಯ ಮಾಡಿದ್ದೆ, ಇಲ್ಲಿನ ಹೆಂಗಸರಿಗೆ ನಾಚಿಕೆಯೇ ಗೊತ್ತಿಲ್ಲ ಎಂದು. ಎರಡು ಸಮಾಜಗಳನ್ನು ಇಷ್ಟು ಸೂಕ್ಷ್ಮವಾಗಿ ತೂಗುವವನು ತನ್ನ ಮನೆಯನ್ನು ಮಾತ್ರ ತಕ್ಕಡಿಗೆ ಹಾಕುವುದೇ ಇಲ್ಲ.

ಈ ಜನಾನಾದ ಚಿತ್ರ ಯುರೋಪಿನವರ ಕಲ್ಪನೆಯಲ್ಲಿ ಮಿಂದಿದೆ, ಅದನ್ನು ಹೇಳಲೇಬೇಕು. ನಿಜವಾದ ಇರಾನಿಯರ ಬರಹಗಳೂ ಇವೆ. 1815ರಲ್ಲಿ ಓದಲು ಇಂಗ್ಲೆಂಡಿಗೆ ಹೋದ ಮಿರ್ಜಾ ಸಾಲೇಹ್ ಅಲ್ಲಿ ಕಂಡದ್ದನ್ನು ಬರೆದಿಟ್ಟ. ಅಚ್ಚಿನ ವಿದ್ಯೆ ಕಲಿತು ಬಂದು 1837ರಲ್ಲಿ ಟೆಹ್ರಾನ್‌ನಲ್ಲಿ ಇರಾನಿನ ಮೊದಲ ಪತ್ರಿಕೆ ಹೊರಡಿಸಿದ. ಅವನ ಬಗ್ಗೆ ಇನ್ನೊಂದು ದಿನ ಮಾತಾಡೋಣ.

ಈಗ ಕಾಗದದ ತಾರೀಕುಗಳನ್ನು ನೋಡಿ. ಸಾಮಾನ್ಯವಾಗಿ ಓದುವಾಗ ಇವನ್ನು ದಾಟಿಬಿಡುತ್ತೇವೆ. 1717ರ ಸೆಪ್ಟೆಂಬರ್‌ನಲ್ಲಿ, ಮನೆ ಕೈಮೀರುತ್ತಿದೆ ಎಂದು ಮುಖ್ಯ ಖೋಜಾ ಬರೆಯುತ್ತಾನೆ. ಉಸ್ಬೆಕ್ ಉತ್ತರ ಬರೆಯುವಾಗ 1718ರ ಫೆಬ್ರವರಿ. ಅಂದರೆ ಕಾಗದ ತಲುಪಲು ಸುಮಾರು ಐದು ತಿಂಗಳು. ಆ ಉತ್ತರದಲ್ಲಿ ಅವನು ಖೋಜಾನಿಗೆ ಸಂಪೂರ್ಣ ಅಧಿಕಾರ ಕೊಡುತ್ತಾನೆ. ಕೋಣೆ ಕೋಣೆಗೂ ಹೋಗಿ ಶಿಕ್ಷಿಸು, ಎಲ್ಲರೂ ನಡುಗಲಿ ಎನ್ನುತ್ತಾನೆ. ಒಳ್ಳೆಯ ಆಡಳಿತದ ಬಗ್ಗೆ ಬರೆದದ್ದೂ ಇದೇ ಕೈ.

ಆ ಕಾಗದ ತಲುಪುವಷ್ಟರಲ್ಲಿ ಮುಖ್ಯ ಖೋಜಾ ಸತ್ತಿದ್ದ. ಅವನ ಜಾಗಕ್ಕೆ ಬಂದ ಮುದುಕ ನರ್ಸಿತ್, ಇದು ಸತ್ತವನ ಹೆಸರಿಗೆ ಬಂದದ್ದು, ನಾನು ಒಡೆಯಬಾರದು ಎಂದುಕೊಂಡ. ಮುದ್ರೆ ಮುಟ್ಟದೆ, ಭಕ್ತಿಯಿಂದ ಸುತ್ತಿ, ಒಳಗಿಟ್ಟು ಬೀಗ ಹಾಕಿದ. ಯಜಮಾನ ಕಳಿಸಿದ ಅಷ್ಟೂ ಸಿಟ್ಟು ಒಂದು ಪೆಟ್ಟಿಗೆಯಲ್ಲಿ ಮಲಗಿತು. ಎಷ್ಟು ಸಲ ಓದಿದರೂ ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಕಾಗದ ಒಡೆಯದೆ ಇದ್ದಷ್ಟು ದಿನ ಆ ಹೆಂಗಸರು ಉಸಿರಾಡಿದರು.

ಕೊನೆಗೆ ಅಪ್ಪಣೆ ಸೊಲೀಂ ಎಂಬ ಇನ್ನೊಬ್ಬ ಕ್ರೂರ ಖೋಜಾನ ಕೈಗೆ ಹೋಗುತ್ತದೆ. ರೊಕ್ಸಾನಳ ಪ್ರಿಯಕರನನ್ನು ಕೊಲ್ಲುತ್ತಾರೆ. ಅವಳು ವಿಷ ಕುಡಿದು ಗಂಡನಿಗೆ ಬರೆಯಲು ಕೂರುತ್ತಾಳೆ. ಹೌದು, ನಿನಗೆ ಮೋಸ ಮಾಡಿದೆ. ದಾಸ್ಯದಲ್ಲಿ ಬದುಕಿದರೂ ಸ್ವತಂತ್ರಳಾಗಿಯೇ ಇದ್ದೆ. ನಿನ್ನ ಕಾನೂನುಗಳನ್ನು ಪ್ರಕೃತಿಯ ಕಾನೂನಿನಂತೆ ತಿದ್ದಿ ಬರೆದುಕೊಂಡೆ. ಹೀಗೆ ಬರೆಯುತ್ತ ಅವಳ ಕೈಯಿಂದ ಲೇಖನಿ ಜಾರುತ್ತದೆ. ಪುಸ್ತಕ ಅಲ್ಲಿಗೇ ನಿಲ್ಲುತ್ತದೆ.

ಆದರೆ ಇದು ಪುಸ್ತಕದ ಕೊನೆಯ ಪುಟ, ಕೊನೆಯ ತಾರೀಕಲ್ಲ. ರೊಕ್ಸಾನಳ ಕಾಗದ 1720ರ ಮೇ 8ರದು. ಐದು ತಿಂಗಳ ದಾರಿ ಲೆಕ್ಕ ಹಾಕಿದರೆ ಅಕ್ಟೋಬರ್‌ನಲ್ಲಿ ಅದು ಪ್ಯಾರಿಸ್ ಮುಟ್ಟಿರಬೇಕು. ಕೆಲವು ಪುಟ ಹಿಂದಕ್ಕೆ ತಿರುಗಿಸಿದರೆ ಉಸ್ಬೆಕ್‌ನ ಇನ್ನೊಂದು ಕಾಗದ ಸಿಗುತ್ತದೆ, ನವೆಂಬರ್ 11ರದು. ಆ ವರ್ಷ ಫ್ರಾನ್ಸಿನಲ್ಲಿ ಹಣಕಾಸು ಮಂತ್ರಿ ಜಾನ್ ಲಾ ಎಂಬವನು ತಂದ ಕಾಗದದ ದುಡ್ಡು ಕುಸಿದು ಸಾವಿರಾರು ಮನೆ ಹಾಳಾಗಿದ್ದವು. ಅದನ್ನು ನೇರವಾಗಿ ಹೇಳದೆ, ಇಂಡಿಯಾದಲ್ಲಿ ಕಂಡದ್ದು ಎಂಬಂತೆ ಉಸ್ಬೆಕ್ ಬರೆಯುತ್ತಾನೆ. ಒಬ್ಬ ಕೆಟ್ಟ ಮಂತ್ರಿಯಿಂದ ಒಳ್ಳೆಯ ಜನ ಹೇಗೆ ಕೆಟ್ಟುಹೋದರು ಎಂದು ಮರುಗುತ್ತಾನೆ. ಮನೆಯ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ.